ನಿಂಬೆ ಎಲೆಗೆ ಎರಡು ಚಳಿಗಾಲ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮೂರು ಅಸೂಟಿಯ ದೊಡ್ಡಪ್ಪ. ನಾನು ಪಿಎಚ್‌ಡಿಗೆ ಹೆಸರು ಹಚ್ಚಿ ಊರಿಗೆ ಬಂದ ದಿನ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಅಂದರು: "ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದವರಿಲ್ಲ. ಇಕಿ ಎಂ.ಎಸ್ಸಿ. ಮಾಡಿದ್ಲು, ಸಾಕು. ಇನ್ನ ನಿಂಬಿ ಎಲಿ ಎಣಿಸಿ ಡಾಕ್ಟರ್ ಆಗ್ತಾಳಂತ. ಆಗೂದಿಲ್ಲ ತಗೊ." ಎರಡನೆಯವರು ನಮ್ಮ ಪ್ರಯೋಗಾಲಯದ ಹಿರಿಯ ಸಹಾಯಕರು. ಅವರ ತಕರಾರು ಬೇರೆ. "ಗಜೇಂದ್ರಗಡದಾಗ ಚಳಿ ಎಲ್ಲೈತ್ರಿ? ಹಿಮಾ ಬೀಳೂ ದೇಶದ ಪ್ರಶ್ನಾ ತಗೊಂಡು ಬಿಸಲನಾಡಿನಾಗ ಉತ್ತರಾ ಹುಡಕಾಕ ಹೊಂಟೀರಿ. ಎಲಿಯಾಗ ಏನೂ ಬದಲಾಗೂದಿಲ್ಲ."

ದೊಡ್ಡಪ್ಪನ ಮಾತಿಗೆ ಸಿಟ್ಟು ಬಂತು. ಸಹಾಯಕರ ಮಾತಿಗೆ ಅಂಜಿಕೆ ಬಂತು, ಯಾಕೆಂದರೆ ಅವರು ಹೇಳಿದ್ದರಲ್ಲಿ ಹುರುಳಿತ್ತು.

ನನ್ನ ವಿಷಯವನ್ನು ಸರಳವಾಗಿ ಹೇಳಿಬಿಡುತ್ತೇನೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ಆಗುವುದಿಲ್ಲ. ಎಲೆಯ ಪ್ರತಿ ಜೀವಕೋಶವನ್ನು ಸುತ್ತುವರಿದ ಪೊರೆಯಲ್ಲೂ ಇಂಥ ಕೊಬ್ಬೇ ಇರುತ್ತದೆ. ಚಳಿಗೆ ಆ ಪೊರೆ ಬಿಗಿದುಕೊಂಡು ಕೆಟ್ಟರೆ ಒಳಗಿನ ಲವಣ ಹೊರಗೆ ಸೋರುತ್ತದೆ, ಎಲೆ ಸುಟ್ಟಂತೆ ಕಪ್ಪಾಗುತ್ತದೆ. ಕೆಲವು ಗಿಡಗಳು ಚಳಿಗಾಲ ಹತ್ತಿರ ಬಂದಂತೆ ತಮ್ಮ ಕೊಬ್ಬನ್ನೇ ಬದಲಿಸಿಕೊಳ್ಳುತ್ತವೆ. ಕೊಬ್ಬರಿ ಎಣ್ಣೆಯಂಥದ್ದನ್ನು ಇಳಿಸಿ ಕುಸುಬಿ ಎಣ್ಣೆಯಂಥದ್ದನ್ನು ಏರಿಸುತ್ತವೆ. ನಮ್ಮ ಕಡೆಯ ನಿಂಬೆ, ನಮ್ಮ ಕಡೆಯ ಹಗುರ ಚಳಿಯಲ್ಲಿ, ಹಾಗೆ ಮಾಡುತ್ತದೆಯೇ? ಮಾಡಿದರೆ ಗಿಡಕ್ಕೆ ಚಳಿ ತಾಳುವ ಶಕ್ತಿ ಬರುತ್ತದೆಯೇ? ಒಂದು ವರ್ಷ ಪೂರ್ತಿ, ತಿಂಗಳಿಗೊಮ್ಮೆ, ಅವೇ ಗಿಡಗಳ ಎಲೆ ಕಿತ್ತು ನೋಡುವುದು ನನ್ನ ಕೆಲಸ.

ಎರಡು ತೋಟ ಹಿಡಿದಿದ್ದೆ. ಒಂದು ಗಜೇಂದ್ರಗಡದ ಗುಡ್ಡದ ಕೆಳಗೆ, ಲಕ್ಕಲಕಟ್ಟಿಯ ಕಡೆ, ಕಲ್ಲು ತುಂಬಿದ ಕೆಂಪು ನೆಲ. ಇನ್ನೊಂದು ನರಗುಂದದ ಹತ್ತಿರ, ಕಾಲುವೆ ನೀರು ಉಣ್ಣುವ ಕಪ್ಪು ಎರಿ ನೆಲ. ಒಂದೊಂದರಲ್ಲಿ ಎಂಟು ಗಿಡಗಳಿಗೆ ತಗಡಿನ ಬಿಲ್ಲೆ ಕಟ್ಟಿದ್ದೆ. ಗಜೇಂದ್ರಗಡದ ತೋಟದ ಮಾಲಕರನ್ನು ಮೊದಲ ದಿನದಿಂದಲೇ ಚಾಚಾ ಎಂದು ಕರೆದೆ, ಅವರ ಮನೆಯಾಕೆಯನ್ನು ಚಾಚಿ ಎಂದು. ನಿಂಬೆ ಅವರಿಗೆ ಮೂರು ತಲೆಮಾರಿನ ಕಸುಬು.

ಬೆಳಿಗ್ಗೆ ಏಳರಿಂದ ಎಂಟರೊಳಗೆ ಎಲೆ ಕೀಳಬೇಕು. ಚಿಗುರೂ ಅಲ್ಲ, ಹಣ್ಣೆಲೆಯೂ ಅಲ್ಲ. ತುದಿಯಿಂದ ನಾಲ್ಕನೆಯ ಬಲಿತ ಎಲೆ. ಕಿತ್ತ ಎಲೆ ಸುಮ್ಮನೆ ಕೂರುವುದಿಲ್ಲ, ತನ್ನ ಕೊಬ್ಬನ್ನು ತಾನೇ ಕಡಿಯತೊಡಗುತ್ತದೆ. ಅದನ್ನು ತಡೆಯಲು ತೋಟದಲ್ಲೇ ಬಿಸಿ ಐಸೊಪ್ರೊಪೆನಾಲ್‌ನಲ್ಲಿ ಮುಳುಗಿಸಬೇಕು. ಆ ದ್ರಾವಣ ಉರಿ ಕಂಡರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಅದಕ್ಕೆ ಬದುವಿನ ಮೇಲೆ ಸಣ್ಣ ಗ್ಯಾಸ್ ಒಲೆ ಹಚ್ಚಿ ನೀರು ಕಾಯಿಸಿ, ಒಲೆ ಆರಿಸಿ ದೂರ ಸರಿಸಿ, ಆಮೇಲೆ ಬಾಟಲಿಗಳನ್ನು ಬಿಸಿನೀರಿಗೆ ಇಳಿಸುತ್ತಿದ್ದೆ. ಮೊದಲ ಸಲ ನೋಡಿದ ಚಾಚಿ ಸೊಂಟಕ್ಕೆ ಕೈ ಇಟ್ಟು ನಿಂತರು.

"ಏನ್ ಮಗಳ, ನಿಂಬಿ ಎಲಿ ಪಲ್ಯಾ ಮಾಡಾಕತ್ತೀಯೇನ?"

"ಹೌದ್ರಿ ಚಾಚಿ, ಉಪ್ಪ ಹಾಕೂದೊಂದ ಬಾಕಿ."

"ಹಂಗಾರ ರೊಟ್ಟಿ ತರ್ತೇನಿ ತಡಿ," ಎಂದು ಖರೇನೇ ಎರಡು ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರು. ಆಮೇಲೆ ಪ್ರತಿ ತಿಂಗಳೂ ಅದೇ ಆಯಿತು.

ಉಳಿದ ಎಲೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನನ್ನೊಂದಿಗೆ ಬಸ್ಸು ಹತ್ತಿ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದವು. ಚಳಿ ತಾಳಿಕೆ ಅಳೆಯುವ ಕೋಣೆಗೆ ಕಿಟಕಿಯಿರಲಿಲ್ಲ. ಎಲೆಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿ ಗಾಜಿನ ಕೊಳವೆಗೆ ಹಾಕಿ, ಕೊಳವೆಗಳನ್ನು ತಣ್ಣನೆಯ ದ್ರವದ ತೊಟ್ಟಿಗೆ ಇಳಿಸಿ, ಅರ್ಧ ಗಂಟೆಗೆ ಒಂದು ಡಿಗ್ರಿಯಂತೆ ಕೆಳಗೆ ಒಯ್ಯಬೇಕು. ಸೊನ್ನೆ ದಾಟಿದ ಮೇಲೆ ಪ್ರತಿ ಕೊಳವೆಗೂ ಸಾಸಿವೆಯಷ್ಟು ಮಂಜುಗಡ್ಡೆ ಹಾಕಬೇಕು, ಇಲ್ಲದಿದ್ದರೆ ನೀರು ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಒಮ್ಮೆ ಶುರು ಮಾಡಿದರೆ ದಿನವೆಲ್ಲ ಬಾಗಿಲು ತೆಗೆದು ಹೋಗುವಂತಿಲ್ಲ. ಮರುದಿನ ಆ ಬಿಲ್ಲೆಗಳು ನೆನೆದ ನೀರಿನಲ್ಲಿ ಎಷ್ಟು ಲವಣ ಸೋರಿದೆ ಎಂದು ವಿದ್ಯುತ್ ಹರಿಸಿ ಅಳೆಯುವುದು. ಹೆಚ್ಚು ಸೋರಿದರೆ ಎಲೆ ಸತ್ತಿದೆ, ಕಡಿಮೆ ಸೋರಿದರೆ ತಾಳಿದೆ.

ಮೊದಲ ಚಳಿಗಾಲ ಮುಗಿದಾಗ ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಎರಡೂ ತೋಟಗಳಲ್ಲಿ ಡಿಸೆಂಬರ್, ಜನವರಿ ಎಲೆಯ ಕೊಬ್ಬು ಬದಲಾಗಿತ್ತು. ಕುಸುಬಿ ಎಣ್ಣೆಯಲ್ಲಿ ಹೆಚ್ಚಾಗಿರುವ ಲಿನೋಲಿಯಿಕ್ ಆಮ್ಲ ಏರಿತ್ತು. ಗುಡ್ಡದ ತೋಟದಲ್ಲಿ ಒಂದಿಷ್ಟು ಜಾಸ್ತಿ. ಚಳಿ ತಾಳಿಕೆಯಲ್ಲಂತೂ ಅಜಗಜಾಂತರ: ನರಗುಂದದ ಎಲೆ ಬೇಸಿಗೆಯಲ್ಲಿ ಸೋರಿದಷ್ಟೇ ಸೋರಿತ್ತು, ಗಜೇಂದ್ರಗಡದ ಎಲೆ ಗಟ್ಟಿಯಾಗಿ ನಿಂತಿತ್ತು. ಗುಡ್ಡದ ಚಳಿ ತುಸು ಹೆಚ್ಚು, ಅದಕ್ಕೆ ಕೊಬ್ಬು ಹೆಚ್ಚು ಬದಲಾಗಿದೆ, ಅದಕ್ಕೇ ಎಲೆ ತಾಳಿದೆ ಎಂದು ಬರೆದೆ. ವಿಭಾಗದ ಸಭೆಯಲ್ಲಿ ಮಂಡಿಸಿದೆ. ಹಿರಿಯ ಸಹಾಯಕರು ಎದ್ದು ನಿಂತು, "ನಾ ಅಂದದ್ದು ತಪ್ಪಾತ್ರಿ ಮೇಡಮ್ಮಾರ" ಎಂದರು. ಆ ವಾಕ್ಯವನ್ನು ಒಂದು ವಾರ ಮನಸ್ಸಿನಲ್ಲೇ ಚಪ್ಪರಿಸಿದೆ. ಅಧ್ಯಾಯವೂ ಬರೆದಾಯಿತು, ಸಮ್ಮೇಳನಕ್ಕೆ ಸಾರಾಂಶವೂ ಹೋಯಿತು.

ಮುಂದಿನ ನವೆಂಬರ್ ಕೊನೆಯಲ್ಲಿ ಚಾಚಾ ಅವರಿಗೆ ಧನ್ಯವಾದ ಹೇಳಿ ಗಿಡಗಳ ತಗಡಿನ ಬಿಲ್ಲೆಗಳನ್ನು ಬಿಚ್ಚಿಕೊಂಡು ಬರೋಣವೆಂದು ಹೋದೆ. ಅವರು ತೋಟದ ಕಾಲುವೆಯ ಬಾಯಿಗೆ ಮಣ್ಣು ಎಳೆಯುತ್ತಿದ್ದರು.

"ಏನ ನಡೆಸೀರಿ ಚಾಚಾ?"

"ನೀರ ನಿಂದರಸಾಕತ್ತೇನಿ ಬೇಟಾ. ಇನ್ನ ಸಂಕ್ರಾಂತಿ ದಾಟೂತನಕ ಇವಕ್ಕ ಒಂದ ಹನಿ ಇಲ್ಲ."

"ಯಾಕ್ರಿ?"

ಅವರು ಸಲಿಕೆ ಊರಿ ನನ್ನ ಮುಖ ನೋಡಿದರು. "ಯಾಕ ಅಂದ್ರ? ಬಹಾರ ಹಿಡಿಸಾಕ. ದಿನಾ ನೀರ ಕುಡಿಯೂ ಗಿಡಾ ಬರೇ ಎಲಿ ಬಿಡತೈತಿ. ಎರಡ ತಿಂಗಳ ಒಣಗಿಸಿ, ಗೊಬ್ಬರಾ ಹಾಕಿ, ಒಮ್ಮೆಲೆ ನೀರ ಬಿಟ್ರ ಹೂ ತುಂಬತಾವು. ಬ್ಯಾಸಗಿಗೆ ಕಾಯಿ. ಹೋದ ವರ್ಷಾನೂ ನಿಂದರಸಿದ್ನೆಲ್ಲ, ನಿನ್ನ ಕಣ್ಣ ಮುಂದನ."

"ನೀವು ಹೇಳಲಿಲ್ಲಲ್ರಿ ಚಾಚಾ."

"ನೀ ಕೇಳಲಿಲ್ಲ. ನಿಂಬಿ ಓದೂ ಹುಡುಗಿಗೆ ನಾ ಏನ ಹೇಳೂದು ಅಂದ್ಕೊಂಡೆ."

ಚೀಲದಿಂದ ಹಳೆಯ ಕ್ಷೇತ್ರಪುಸ್ತಕ ತೆಗೆದೆ. ದಿನಾಂಕ, ಹೊತ್ತು, ಉಷ್ಣತೆ, ಎಲೆಯ ಸ್ಥಾನ, ರೋಗ ಇದ್ದರೆ ರೋಗ, ಕೊನೆಯ ಕಾಲಂ ಮಣ್ಣು. ಡಿಸೆಂಬರಿನ ಸಾಲಿನಲ್ಲಿ ನನ್ನದೇ ದುಂಡು ಅಕ್ಷರ: "ಮಣ್ಣು: ಒಣ, ಸಹಜ." ಜನವರಿಯಲ್ಲೂ ಅದೇ. ನರಗುಂದದ ಪುಟದಲ್ಲಿ ಎರಡೂ ತಿಂಗಳು "ಮಣ್ಣು: ಹಸಿ". ಅದಕ್ಕೂ ಕಾಲುವೆ ಇದೆಯಲ್ಲ, ಸಹಜ ಅಂದುಕೊಂಡಿದ್ದೆ.

ಪಟ್ಟಣದಲ್ಲಿ ಬೆಳೆದ ಯಾರಾದರೂ ಆಗಿದ್ದರೆ ಈ ಗಿಡದ ಬುಡ ಯಾಕೆ ಹೀಗೆ ಬಿರುಕು ಬಿಟ್ಟಿದೆ ಎಂದು ಕೇಳಿರುತ್ತಿದ್ದರು. ನಾನು ಕೇಳಲಿಲ್ಲ. ನಮ್ಮ ಹೊಲದಲ್ಲಿ ಹಿಂಗಾರು ಜೋಳ, ಕಡಲೆ ಬೆಳೆಯುವುದೇ ಹಾಗೆ. ಬಿತ್ತಿದ ಮೇಲೆ ಮೇಲಿನಿಂದ ಒಂದು ಹನಿ ಇಲ್ಲ, ಡಿಸೆಂಬರಿನಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ಎರಿ, ಅದರ ಮೇಲೆ ಎದೆಯುದ್ದ ಜೋಳ. ಹುಟ್ಟಿದಾಗಿನಿಂದ ಕಂಡ ಚಳಿಗಾಲದ ನೆಲ ಅದು. ಒಣಗಿದ ಮಣ್ಣು ನನ್ನ ಕಣ್ಣಿಗೆ ಒಂದು ಸಂಗತಿಯೇ ಅಲ್ಲ. ಓದಿ ಕಲಿತದ್ದು ತಪ್ಪಲಿಲ್ಲ. ಮನೆಯಿಂದ ತಂದದ್ದು ತಪ್ಪಿತು.

ಗಿಡ ತಾಳಿದ್ದು ಚಳಿಗೋ ಬಾಯಾರಿಕೆಗೋ? ನೀರು ಸಿಗದ ಗಿಡವೂ ಬೆಳವಣಿಗೆ ತಡೆದು ಗಟ್ಟಿಯಾಗುತ್ತದೆ, ಆಗ ಚಳಿಯನ್ನೂ ತಾಳಬಲ್ಲದು. ಎರಡೂ ಒಂದೇ ತಿಂಗಳಲ್ಲಿ ಬಂದಿದ್ದವು, ಬಿಡಿಸುವ ದಾರಿಯಿಲ್ಲ.

ಅಷ್ಟರಲ್ಲಿ ಚಾಚಾ ಇನ್ನೊಂದು ಮಾತು ಹೇಳಿದರು. ಪಂಪಿನ ಕೋಣೆಯ ಹಿಂದೆ ಕಪ್ಪು ಚೀಲಗಳಲ್ಲಿ ಸಾಲಾಗಿ ಸಸಿ ಇಟ್ಟಿದ್ದರು. "ನಾಸಿಕ ಕಡೆ ನಮ್ಮ ಬೀಗರಿಗೆ ಕಳಸೂದೈತಿ. ಅಲ್ಲಿ ಒಂದೊಂದ ವರ್ಷ ಚಳಿಗೆ ಬೆಳಿ ಸುಡತಾವಂತ. ನಮ್ಮ ಗಿಡಾ ಚಳಿ ತಡಿತಾವು ಅಂತ ನೀ ಹೇಳಿದಿ ಅಂತ ಧೈರ್ಯಾ ಮಾಡೇನಿ."

ದಿನಕ್ಕೆ ಎರಡು ಸಲ ನೀರು ಕುಡಿಯುವ ಸಸಿಗಳು ಅವು. ನೀರು ತಡೆದದ್ದಕ್ಕೇ ಗಿಡ ತಾಳಿದ್ದಾದರೆ ಇವು ಅಲ್ಲಿ ಉಳಿಯುವುದಿಲ್ಲ.

ಸೋಮವಾರ ಮಾರ್ಗದರ್ಶಕರ ಕೋಣೆಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ನೋಂದಣಿ ಬರುವ ಮಳೆಗಾಲಕ್ಕೆ ಮುಗಿಯುವುದಿತ್ತು, ಒಮ್ಮೆ ಅವಧಿ ಹೆಚ್ಚಿಸಿಕೊಂಡಾಗಿತ್ತು.

"ಯಾರ್ಯಾರಿಗೆ ಗೊತ್ತದ ಇದು?"

"ನಿಮಗ, ನನಗ, ಚಾಚಾಗ, ಸರ್."

"ನೋಡ್ರಿ, ಮಿತಿಗಳು ಅಂತ ಒಂದು ಪ್ಯಾರಾ ಬರೀರಿ. ನೀರಿನ ಪ್ರಭಾವವೂ ಇರಬಹುದು ಅಂತ. ಅದೇನು ಸುಳ್ಳಲ್ಲ. ಪದವಿ ಆಗ್ತದ. ಮತ್ತೊಂದು ಚಳಿಗಾಲ ತಗೊಂಡು, ಅದು ಕೆಟ್ಟರ, ನಿಮ್ಮ ಕೈಯಾಗ ಏನೂ ಉಳಿಯೂದಿಲ್ಲ. ನಾ ಹೆದರಸಾಕತ್ತಿಲ್ಲ, ಇದ್ದದ್ದು ಹೇಳಿದೆ."

ಅವರು ಕೆಟ್ಟವರಲ್ಲ. ಅದೇ ನನ್ನನ್ನು ಹೆಚ್ಚು ಕಟ್ಟಿಹಾಕಿತು. ಸುಳ್ಳು ಬರೆ ಎಂದಿದ್ದರೆ ಇಲ್ಲ ಎನ್ನುವುದು ಸುಲಭವಿತ್ತು. ನಿಜವನ್ನೇ ಸಣ್ಣ ಅಕ್ಷರದಲ್ಲಿ ಬರೆ ಅಂದಿದ್ದರು. ಮುಂದೆ ಹೋಗಲು ಮನಸ್ಸಿಲ್ಲ, ಹಿಂದೆ ಬರಲು ಹೊತ್ತಿಲ್ಲ. ಮುಂದಿನ ನಾಲ್ಕು ದಿನ ತಾಳಿಕೆ ಅಳೆಯುವ ಕೋಣೆಗೆ ಹೋಗಿ ಖಾಲಿ ತೊಟ್ಟಿಯ ಮುಂದೆ ಸುಮ್ಮನೆ ಕುಳಿತು ಬಂದೆ. ಅಲ್ಲಿ ಕಿಟಕಿ ಇಲ್ಲದ್ದೇ ಒಳ್ಳೆಯದೆನಿಸಿತು.

ವಾರದ ಕೊನೆಗೆ ಅಸೂಟಿಗೆ ಹೋದೆ. ಅಪ್ಪ ಹಗ್ಗ ಹೊಸೆಯುತ್ತಿದ್ದ, ಅವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಆಗಿದ್ದನ್ನು ಹೇಳಿದೆ. ಅಪ್ಪ ತಲೆ ಎತ್ತದೆಯೇ ತೀರ್ಮಾನ ಕೊಟ್ಟ: "ಮಂದಿ ಮುಂದ ಒಮ್ಮೆ ಹೇಳಿದ ಮ್ಯಾಲ ಮುಗೀತು. ಈಗ ಹಿಂದ ತಗೊಂಡ್ರ ನಿನ್ನ ಯಾವ ಮಾತೂ ಯಾರೂ ನಂಬೂದಿಲ್ಲ. ಸುಮ್ಮನ ಕಾಗದಾ ತಗೊಂಡ ಬಾ."

ಅವ್ವ ಮೊರ ಕೆಳಗಿಟ್ಟು ಬೇರೆಯೇ ಕೇಳಿದಳು. "ಚಾಚಾ ನೀರ ನಿಂದರಸಿದ್ರೂ, ಒಂದ್ನಾಕ ಗಿಡಕ್ಕ ನಾವ ಹೊತ್ತ ಹಾಕಿದ್ರ ಗೊತ್ತಾಗತೈತಿಲ್ಲ, ಯಾವುದಕ್ಕ ತಾಳಿದ್ದು ಅಂತ?"

ಪ್ರಯೋಗದ ವಿನ್ಯಾಸ ಎಂದು ನಾವು ಒಂದು ಇಡೀ ಸೆಮಿಸ್ಟರ್ ಓದಿದ್ದು ಅದನ್ನೇ.

"ಹೂನವ್ವ. ಆದ್ರ ಹೊರೂದು ಯಾರು? ನಾ ಎಲಿ ತಗೊಂಡ ಯುನಿವರ್ಸಿಟಿಗೆ ಹೋಗಬೇಕಲ್ಲ."

"ದಿನಾ ಎಷ್ಟ ಕೊಡ?"

ಆ ಪ್ರಶ್ನೆಗೆ ನಾನು ಲೆಕ್ಕ ಹಾಕಿ ಉತ್ತರ ಹೇಳುವಷ್ಟರಲ್ಲಿ ತೀರ್ಮಾನವಾಗಿ ಹೋಗಿತ್ತು. ಅಪ್ಪ ಹಗ್ಗ ಹೊಸೆಯುತ್ತಲೇ ಇದ್ದ.

ಚಾಚಾ ಸುಲಭಕ್ಕೆ ಒಪ್ಪಲಿಲ್ಲ. ನೀರು ಬಿದ್ದ ಗಿಡ ಹೂ ಬಿಡುವುದಿಲ್ಲ. "ನಾಕ ಗಿಡದ ಬ್ಯಾಸಗಿ ಕಾಯಿ ಹೋತು ಅನ್ನು. ನೀ ಹೋದ ವರ್ಷ ಸರಿಯಾಗಿ ನೋಡಿದ್ರ ನನಗ್ಯಾಕ ಈ ದಂಡ?"

"ಖರೇ ಐತ್ರಿ ಚಾಚಾ, ನಂದ ತಪ್ಪು. ಆದ್ರ ನಿಮ್ಮ ಸಸಿ ಅಲ್ಲಿ ಸತ್ರ ನನ್ನ ಹೆಸರಲೆ ಸಾಯ್ತಾವು."

ಒಳಗಿಂದ ಚಾಚಿಯ ದನಿ ಬಂತು: "ಬೀಗರಿಗೆ ಸತ್ತ ಸಸಿ ಕಳಿಸಿ ಮುಂದಿನ ಲಗ್ನದಾಗ ಯಾವ ಮಾರಿ ತಗೊಂಡ ಹೋಗ್ತೀರಿ? ಕೊಡ್ರಿ ನಾಕ ಗಿಡ!"

ಕೊಟ್ಟರು. ಸಾಲಿನ ತುದಿಯವು, ಪಕ್ಕದ ಗಿಡಕ್ಕೆ ತೇವ ಹರಿಯದಂತೆ ನಡುವೆ ಮೊಣಕಾಲುದ್ದ ತೆಗ್ಗು ತೋಡಿದೆ. ನರಗುಂದದಲ್ಲಿ ಇದರ ಉಲ್ಟಾ: ನಾಲ್ಕು ಗಿಡಗಳಿಗೆ ನೀರು ತಡೆಯಬೇಕು. ಅಲ್ಲಿಯ ಮಾಲಕರು, "ಇದ್ದ ನೀರ ಬಿಟ್ಟು ಗಿಡಾ ಒಣಗಸಾಕ ನನಗೇನ ಹುಚ್ಚ ಹಿಡದೈತೇನ?" ಎಂದರು. ಮೂರನೇ ಸಲ ಹೋದಾಗ ಬದುವಿನ ಬದಿಯ ಮುದಿ ಗಿಡಗಳನ್ನು ತೋರಿಸಿ, "ಒಯ್ದು ಸಾಯ್ಸು ಹೋಗು," ಎಂದು ನಕ್ಕರು. ಆ ಸಾಲಿಗೆ ತಿರುಗುವ ಕಾಲುವೆಗೆ ಒಡ್ಡು ಹಾಕಿದೆ. ಮಾರ್ಗದರ್ಶಕರಿಗೆ ಫೋನಿನಲ್ಲಿ ತಿಳಿಸಿದೆ. ಅವರು, "ಈ ಸಲ ಮಣ್ಣಿನ ತೇವಾನೂ ಅಳೀರಿ," ಎಂದರು.

ಅವ್ವ ಒಂದು ಗಂಟು ಬಟ್ಟೆ ಕಟ್ಟಿಕೊಂಡು ಬಂದು ಚಾಚಿಯ ಹಿತ್ತಲ ಕೋಣೆಯಲ್ಲಿ ಉಳಿದಳು. ಗಿಡಕ್ಕೆ ಹತ್ತು ಕೊಡ, ದಿನ ಬಿಟ್ಟು ದಿನ. ತಲೆಯ ಮೇಲೊಂದು, ಸೊಂಟದಲ್ಲೊಂದು. ನಾನು ಎಲೆ ಕೀಳುವಾಗ ಪಕ್ಕದಲ್ಲಿ ನೀರು ಸುರಿಯುತ್ತಾ ಅಂದಳು: "ಹುಟ್ಟಿದಾಗಿಂದ ನಮ್ಮ ಹೊಲಕ್ಕ ಒಂದ ತಂಬಗಿ ನೀರ ಹಾಕಿಲ್ಲ. ಮಂದಿ ಗಿಡಕ್ಕ ಕೊಡಾ ಹೊರಾಕತ್ತೇನಿ. ನಮ್ಮ ಜ್ವಾಳಕ್ಕ ಗೊತ್ತಾದ್ರ ಸಿಟ್ಟ ಮಾಡತೈತಿ."

ಡಿಸೆಂಬರ್ ಸರಿಯಾಗಿ ಕಳೆಯಿತು. ಜನವರಿಯಲ್ಲಿ ಕೆಟ್ಟಿತು. ಮಧ್ಯಾಹ್ನ ಮೂರಕ್ಕೆ, ಕೊಳವೆಗಳು ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿದ್ದಾಗ ವಿದ್ಯುತ್ ಹೋಯಿತು. ಜನರೇಟರ್ ಹತ್ತು ಸಲ ಕೆಮ್ಮಿ ಸುಮ್ಮನಾಯಿತು. ತೊಟ್ಟಿಯ ಮೇಲೆ ಗೋಣಿಚೀಲ, ನನ್ನ ಶಾಲು, ಸಹಾಯಕರ ಸ್ವೆಟರ್ ಎಲ್ಲ ಹೊದಿಸಿದೆವು. ಕತ್ತಲ ಕೋಣೆಯಲ್ಲಿ ಮೊಬೈಲ್ ಬೆಳಕು ಹಿಡಿದು ಉಷ್ಣತಾಮಾಪಕ ಮೇಲೇರುವುದನ್ನು ನೋಡುತ್ತಾ ನಿಂತೆ. ಎರಡು ಗಂಟೆಯಲ್ಲಿ ಮಂಜು ಕರಗಿತು. ಎರಡೂ ತೋಟಗಳ ಎಲೆ ಹೋದವು.

ಮತ್ತೆ ಕೀಳಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಚಾಚಾ ಗೊಬ್ಬರ ಹಾಕಿ ನೀರು ಬಿಡುವುದೆಂದು ನಿಕ್ಕಿಯಾಗಿತ್ತು. ಒಮ್ಮೆ ನೀರು ಹರಿದರೆ ಒಣಗಿದ ಗಿಡ ಒಣಗಿದ ಗಿಡವಲ್ಲ, ನನ್ನ ಎರಡನೇ ಚಳಿಗಾಲವೂ ಮೊದಲನೆಯದರಂತೆ ಮಣ್ಣುಪಾಲು. ಚಾಚಾ ಫೋನ್ ಎತ್ತಲಿಲ್ಲ. ಅವ್ವನಿಗೆ ಹಚ್ಚಿದೆ.

"ಅವ್ವಾ, ಚಾಚಾಗ ಹೇಳು, ಮುಂಜಾನೆ ನಾ ಬರೂತನಕ ನೀರ ಬಿಡಬಾರದು ಅಂತ."

"ಅವ್ರು ಊರಾಗಿಲ್ಲ, ಆಳ ಮನಶ್ಯಾಗ ಹೇಳಿ ಹೋಗ್ಯಾರ. ಅಂವ ನನ್ನ ಮಾತ ಕೇಳೂದಿಲ್ಲ."

"ಮತ್ತ ಹ್ಯಾಂಗವ್ವ?"

"ಹ್ಯಾಂಗ ಅಂದ್ರ? ನಸಿಕಿನ್ಯಾಗ ಕಾಲವಿ ಬಾಯಾಗ ಹೋಗಿ ಕುಂಡ್ರತೇನಿ. ನನ್ನ ಎಬ್ಬಿಸಿ ನೀರ ಬಿಡಲಿ ನೋಡೂನು. ನೀ ಲಗೂ ಬಾ."

ಮೊದಲ ಬಸ್ಸಿಗೆ ಹೊರಟು ಗಜೇಂದ್ರಗಡ ಮುಟ್ಟಿ, ಅಲ್ಲಿಂದ ಆಟೋ ಹಿಡಿದು ತೋಟಕ್ಕೆ ಓಡಿದೆ. ಕಾಲುವೆಯ ಬಾಯಲ್ಲಿ ಅವ್ವ ಕಾಲು ಚಾಚಿ ಕುಳಿತಿದ್ದಳು, ತಲೆಗೆ ಟವೆಲ್. ಎದುರಿಗೆ ಆಳು ಮನುಷ್ಯ ಸಲಿಕೆ ಹಿಡಿದು ನಿಂತು, "ಈ ಯಮ್ಮಗ ಹೇಳ್ರಿ ಮೇಡಮ್ಮಾರ, ಒಂದ ತಾಸಿನಿಂದ ನನಗ ತಮ್ಮ ಊರಿನ ಕತಿ ಹೇಳಾಕತ್ತಾಳ," ಎಂದ. ಹೊತ್ತು ಎಂಟು ದಾಟಿತ್ತು. ಪುಸ್ತಕದಲ್ಲಿ ಅದನ್ನೂ ಬರೆದೆ. ಎಲೆ ಕಿತ್ತು, ನರಗುಂದಕ್ಕೆ ಹೋಗಿ ಅಲ್ಲಿಯವನ್ನೂ ಕಿತ್ತು, ಮರುದಿನ ತೊಟ್ಟಿಗೆ ಇಳಿಸಿದೆ. ಆ ದಿನ ವಿದ್ಯುತ್ ಹೋಗಲಿಲ್ಲ.

ಫಲಿತಾಂಶ ನಾನು ಬರೆದದ್ದನ್ನು ಕೆಡವಿತು. ಕೊಬ್ಬು ಚಳಿಗಾಲಕ್ಕೆ ಬದಲಾಗುತ್ತದೆ, ಅದು ನಿಜ. ನೀರು ಕುಡಿದ ಗಿಡದಲ್ಲೂ ಬದಲಾಗಿತ್ತು, ಕುಡಿಯದ ಗಿಡದಲ್ಲೂ ಬದಲಾಗಿತ್ತು. ಆದರೆ ಚಳಿ ತಾಳಿದ್ದು ನೀರು ನಿಲ್ಲಿಸಿದ ಗಿಡ, ಎರಡೂ ತೋಟಗಳಲ್ಲಿ. ನರಗುಂದದ ಮುದಿ ಗಿಡಗಳೂ ತಾಳಿದ್ದವು. ಅವ್ವ ಕೊಡ ಹೊತ್ತು ಸಾಕಿದ ನಾಲ್ಕು ಗಿಡಗಳ ಎಲೆಯಲ್ಲಿ ಕುಸುಬಿ ಎಣ್ಣೆಯಂಥ ಕೊಬ್ಬು ಬೇಕಾದಷ್ಟಿತ್ತು, ಆದರೂ ನೀರಿನಂತೆ ಸೋರಿದ್ದವು. ಕೊಬ್ಬು ಬದಲಾದರೆ ಸಾಕು, ಗಿಡ ತಾಳುತ್ತದೆ ಎಂಬ ನನ್ನ ಮಾತು ನಮ್ಮ ನಿಂಬೆಗೆ ಹೊಂದಲಿಲ್ಲ. ಚಾಚಾ ಸಸಿ ಕಳಿಸುವ ವಿಚಾರ ಕೈಬಿಟ್ಟರು.

ಸಮ್ಮೇಳನದ ಸಾರಾಂಶವನ್ನು ಹಿಂದಕ್ಕೆ ಪಡೆದೆ. ಪ್ರಬಂಧದಲ್ಲಿ ಎರಡೂ ವರ್ಷದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟೆ, ಮೊದಲ ವರ್ಷದ ಕ್ಷೇತ್ರಪುಸ್ತಕದ ಪುಟವನ್ನೂ ಸೇರಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಪುಟದ ಮೇಲೆ ಬೆರಳಿಟ್ಟು, "ಇದನ್ನು ಬಿಟ್ಟುಬಿಡಬಹುದಿತ್ತಲ್ಲ?" ಎಂದರು. "ಬಿಡಬಹುದಿತ್ತು ಸರ್. ಆದರೆ ಹೋದ ವರ್ಷ ಇದೇ ಕಟ್ಟಡದಲ್ಲಿ ನಿಂತು ಬೇರೆ ಹೇಳಿದವಳೂ ನಾನೇ," ಎಂದೆ. ಒಂದೂವರೆ ತಾಸು ನೀರಿನ ಬಗ್ಗೆಯೇ ಕೇಳಿದರು. ಕೊಬ್ಬಿನ ಬಗ್ಗೆ ಎರಡೇ ಪ್ರಶ್ನೆ.

ಘಟಿಕೋತ್ಸವಕ್ಕೆ ಅಪ್ಪ, ಅವ್ವ ಇಬ್ಬರೂ ಬಂದರು. ವೇದಿಕೆಯಿಂದ ಇಳಿದು ಬಂದು ಪೆಂಡಾಲಿನ ಹೊರಗೆ ಬೇವಿನ ಮರದ ಕೆಳಗೆ ಪ್ರಮಾಣಪತ್ರವನ್ನು ಅವ್ವನ ಕೈಗೆ ಕೊಟ್ಟೆ. ಅವಳು ಸೆರಗಿಗೆ ಎರಡೂ ಕೈ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನಿಧಾನಕ್ಕೆ ನೋಡಿದಳು.

"ಮೊದಲ ಹೇಳಿದ್ದು ತಪ್ಪಾತು ಅಂತ ಬರದ ಕೊಟ್ಟಿದ್ದೆಲ್ಲ, ಆ ಪುಸ್ತಕಕ್ಕ ಕೊಟ್ಟದ್ದೇನ ಇದು?"

"ಹೂನವ್ವ. ಅದಕ್ಕ."

ಅವ್ವ ಪ್ರಮಾಣಪತ್ರವನ್ನು ಎದೆಗೆ ಹಿಡಿದುಕೊಂಡು, ಹೊಸ ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತ ನಿಂತಿದ್ದ ಅಪ್ಪನ ಕಡೆ ಒಮ್ಮೆ ನೋಡಿದಳು.

"ತಪ್ಪಾತು ಅಂದವರಿಗೆ ಇಂಥಾ ಕಾಗದಾ ಕೊಡೂ ಸಾಲಿ ಐತಿ ಅಂತ ನನಗ ಮೊದಲ ಗೊತ್ತಿದ್ರ, ನಿನಗಿಂತ ಮುಂಚೆ ನಿಮ್ಮಪ್ಪನ್ನ ಹಾಕತಿದ್ನಿ ನೋಡು."